ಕಸಬುದಾರರ ವಿದ್ಯಾಮಂದಿರದಿಂದ ಬಂದ ಗಣಿತಾಚಾರ್ಯನು: ಜಾರ್ಜ್ ಬೂಲನ ಚರಿತ್ರೆ

ವಿದ್ಯೆಯು ದೊಡ್ಡ ಪಟ್ಟಣಗಳ ದೊಡ್ಡ ಕಟ್ಟಡಗಳಲ್ಲಿ ಮಾತ್ರ ವಾಸಿಸುವುದೆಂದೂ, ಹಣವೂ ಮನೆತನದ ಹಿರಿಮೆಯೂ ಉಳ್ಳವರಿಗೆ ಮಾತ್ರ ಅದು ಒಲಿಯುವುದೆಂದೂ ಜನರಲ್ಲಿ ಒಂದು ಭಾವನೆಯುಂಟು. ಗಣಿತಶಾಸ್ತ್ರದ ವಿಷಯದಲ್ಲಂತೂ ಈ ಭಾವನೆಯು ಮತ್ತಷ್ಟು ಬಲವಾಗಿರುವುದು. ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ತಿಳಿಯಲಪೇಕ್ಷಿಸುವವರು ಜಾರ್ಜ್ ಬೂಲನೆಂಬ ಆಂಗ್ಲ ಗಣಿತಜ್ಞನ ಜೀವನವನ್ನು ಅವಲೋಕಿಸತಕ್ಕದ್ದು. ಆತನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ವಿದ್ಯಾರ್ಥಿಯಾಗಿ ಕುಳಿತವನಲ್ಲ. ಯಾವ ಪರೀಕ್ಷೆಯನ್ನೂ ಕೊಟ್ಟು ಪದವಿಯನ್ನು ಪಡೆದವನಲ್ಲ. ಆದರೂ ಒಂದು ಕಾಲೇಜಿನ ಮೊದಲನೆಯ ಗಣಿತ ಪ್ರಾಧ್ಯಾಪಕನಾದನು. ಆತನು ಕಂಡುಹಿಡಿದ ಬೀಜಗಣಿತವು ಇಂದು ಲೋಕದ ಸಕಲ ಗಣಕಯಂತ್ರಗಳಿಗೂ ಆಧಾರವಾಗಿ ನಿಂತಿರುವುದು.

ಬೂಲನು ೧೮೧೫ನೆಯ ಇಸವಿ ನವೆಂಬರ್ ೨ನೆಯ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ಲಿಂಕನ್ ಪಟ್ಟಣದಲ್ಲಿ ಹುಟ್ಟಿದನು. ಆತನ ತಂದೆಯಾದ ಜಾನ್ ಬೂಲನು ಜೋಡು ಹೊಲಿದು ಜೀವಿಸುತ್ತಿದ್ದವನು. ತಾಯಿಯು ವಿವಾಹಕ್ಕೆ ಮುಂಚೆ ಶ್ರೀಮಂತರ ಮನೆಯಲ್ಲಿ ದಾಸಿಯಾಗಿ ಕೆಲಸ ಮಾಡಿಕೊಂಡಿದ್ದಳು. ಜಾನನಿಗೆ ಕಸಬಿನಲ್ಲಿ ಇದ್ದುದಕ್ಕಿಂತ ಹೆಚ್ಚಿನ ಆಸಕ್ತಿಯು ಗಣಿತದಲ್ಲಿಯೂ ದೂರದರ್ಶಕಗಳನ್ನು ಮಾಡುವುದರಲ್ಲಿಯೂ ಇದ್ದಿತು. ತಾನು ಮಾಡಿದ ದೂರದರ್ಶಕವನ್ನು ಅಂಗಡಿಯಲ್ಲಿಟ್ಟು, ದೇವರ ಸೃಷ್ಟಿಯನ್ನು ಭಕ್ತಿಯಿಂದ ನೋಡಲಿಚ್ಛಿಸುವವರು ಯಾರೇ ಆಗಲಿ ಒಳಕ್ಕೆ ಬಂದು ನೋಡಬಹುದೆಂದು ದಾರಿಹೋಕರನ್ನು ಆಹ್ವಾನಿಸುತ್ತಿದ್ದನು. ಇಂಥವನಿಗೆ ವ್ಯಾಪಾರವು ಕೈಹತ್ತದಿದ್ದುದು ಆಶ್ಚರ್ಯವಲ್ಲ. ಮನೆಯಲ್ಲಿ ಬಡತನವಿದ್ದಿತು; ಆದರೆ ಮಗನಿಗೆ ಮೊದಲನೆಯ ಗಣಿತಪಾಠಗಳು ದೊರೆತುದೂ ಆ ಅಂಗಡಿಯಲ್ಲಿಯೇ.

ಬಾಲಕನನ್ನು ಊರಿನ ಸಾಧಾರಣ ಪಾಠಶಾಲೆಗೆ ಕಳುಹಿಸಿದರು. ಲ್ಯಾಟಿನ್ ಭಾಷೆಯ ಮೊದಲ ಪಾಠಗಳನ್ನು ವಿಲಿಯಂ ಬ್ರೂಕ್ ಎಂಬ ಪುಸ್ತಕ ವ್ಯಾಪಾರಿಯು ಹೇಳಿಕೊಟ್ಟನು. ಗ್ರೀಕ್ ಭಾಷೆಯನ್ನು ಹುಡುಗನು ತಾನೇ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿ ಆತನು ಮಾಡಿದ ಒಂದು ಗ್ರೀಕ್ ಪದ್ಯದ ಭಾಷಾಂತರವು ಊರಿನ ಪತ್ರಿಕೆಯಲ್ಲಿ ಅಚ್ಚಾದಾಗ, ಒಬ್ಬ ಉಪಾಧ್ಯಾಯನು ಅಷ್ಟು ಚಿಕ್ಕ ವಯಸ್ಸಿನವನು ಇದನ್ನು ಬರೆದಿರಲಾರನೆಂದು ಪ್ರತಿವಾದ ಹೂಡಿದನು. ಬಡವನ ಮಗನ ವಿದ್ಯೆಯನ್ನು ಲೋಕವು ಮೊದಲು ಸಂದೇಹದಿಂದಲೇ ನೋಡುವುದೆಂಬುದಕ್ಕೆ ಇದೊಂದು ನಿದರ್ಶನ.

೧೮೩೧ರಲ್ಲಿ, ಹದಿನಾರು ವಯಸ್ಸು ತುಂಬುವ ಕಾಲಕ್ಕೆ, ತಂದೆಯ ವ್ಯಾಪಾರವು ಕುಸಿದುದರಿಂದ ಸಂಸಾರವನ್ನು ಪೋಷಿಸುವ ಹೊಣೆಯು ಜಾರ್ಜನ ಮೇಲೆ ಬಿದ್ದಿತು. ಆತನು ಡಾನ್‌ಕಾಸ್ಟರ್ ಎಂಬ ಊರಿನ ಒಂದು ಶಾಲೆಯಲ್ಲಿ ಸಹಾಯಕ ಉಪಾಧ್ಯಾಯನಾಗಿ ಸೇರಿದನು. ತಾನು ಇನ್ನೂ ಕಲಿಯಬೇಕಾದ ವಯಸ್ಸಿನಲ್ಲಿ ಇತರರಿಗೆ ಕಲಿಸತೊಡಗಿದನು. ಅಲ್ಪ ಸಂಬಳದಲ್ಲಿ ಬಹುಪಾಲನ್ನು ಮನೆಗೆ ಕಳುಹಿಸಿ, ಉಳಿದುದರಲ್ಲಿ ಪುಸ್ತಕಗಳನ್ನು ಕೊಳ್ಳಬೇಕಾಗಿದ್ದಿತು. ಗಣಿತದ ಪುಸ್ತಕವನ್ನು ಓದಿ ಮುಗಿಸಲು ಬೇರೆ ಪುಸ್ತಕಗಳಿಗಿಂತ ಬಹಳ ಹೆಚ್ಚು ಕಾಲ ಹಿಡಿಯುವುದರಿಂದ, ಕೊಟ್ಟ ಹಣಕ್ಕೆ ಅದೇ ಲಾಭಕರವೆಂದು ಆತನು ಎಣಿಸಿದನೆಂದು ಹೇಳುವರು. ಆ ಊರಿನಲ್ಲಿದ್ದಾಗಲೇ, ಒಂದು ದಿನ ಹೊಲದಲ್ಲಿ ನಡೆದುಹೋಗುತ್ತಿರುವಲ್ಲಿ, ಮನುಷ್ಯನು ಯೋಚಿಸುವ ಕ್ರಮವನ್ನೇ ಬೀಜಗಣಿತದ ಚಿಹ್ನೆಗಳಿಂದ ಬರೆಯಬಹುದೆಂಬ ಆಲೋಚನೆಯು ಆತನ ಮನಸ್ಸಿನಲ್ಲಿ ಮಿಂಚಿತೆಂದು ಆತನ ಪತ್ನಿಯು ಮುಂದೆ ತಿಳಿಸಿರುವಳು. ಆಗ ಆತನಿಗೆ ಹದಿನೇಳು ವಯಸ್ಸು. ಆ ಆಲೋಚನೆಯು ಗ್ರಂಥವಾಗಲು ಇನ್ನೂ ಹಲವು ವರ್ಷಗಳು ಬೇಕಾದವು.

ಇಲ್ಲಿ ಆ ಕಾಲದ ಒಂದು ವಿಶೇಷ ಸಂಸ್ಥೆಯ ವಿಷಯವನ್ನು ಹೇಳುವುದು ಆವಶ್ಯಕ. ಇಂಗ್ಲೆಂಡಿನಲ್ಲಿ ಆಗ ಆಕ್ಸ್‌ಫರ್ಡ್ ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಬಾಗಿಲುಗಳು ದುಡಿಯುವವರ ಮಕ್ಕಳಿಗೆ ತೆರೆದಿದ್ದುದು ಅಪೂರ್ವ. ಹಗಲೆಲ್ಲಾ ಕೈಕೆಲಸ ಮಾಡುವ ಬಡಗಿ, ಕಮ್ಮಾರ, ಮುದ್ರಣಕಾರ ಮುಂತಾದವರು ಸಂಜೆಯ ವೇಳೆಯಲ್ಲಿ ಗಣಿತವನ್ನೂ ಪ್ರಕೃತಿಶಾಸ್ತ್ರವನ್ನೂ ಕಲಿಯಲೆಂದು ಊರೂರುಗಳಲ್ಲಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಗಳು ಹುಟ್ಟಿಕೊಂಡವು. ನಮ್ಮ ಮಾತಿನಲ್ಲಿ ಇವನ್ನು ಕಸಬುದಾರರ ವಿದ್ಯಾಮಂದಿರಗಳೆನ್ನಬಹುದು. ಲಂಡನ್ನಿನಲ್ಲಿ ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯನ ಮುಂದಾಳುತನದಲ್ಲಿ ೧೮೨೩ರಲ್ಲಿ ಇಂಥದೊಂದು ಸ್ಥಾಪಿತವಾಯಿತು. ಅದು ಇಂದಿಗೂ ಆತನ ಹೆಸರಿನಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಅಂಗವಾಗಿ ನಡೆಯುತ್ತಿರುವುದು. ಊರಿನವರ ಚಂದಾಹಣ, ಒಂದು ವಾಚನಾಲಯ, ಕೆಲವು ಉಪಕರಣಗಳು, ಮನಃಪೂರ್ವಕವಾಗಿ ಕಲಿಸುವ ನಾಲ್ಕು ಮಂದಿ, ಇಷ್ಟೇ ಅವುಗಳ ಬಂಡವಾಳ. ಇಂದು ನಾನಾ ದೇಶಗಳಲ್ಲಿ ಊರಿನ ಜನರಿಗಾಗಿ ನಡೆಯುತ್ತಿರುವ ಸಂಜೆಯ ಕಾಲೇಜುಗಳಿಗೂ ಸಮುದಾಯ ಕಾಲೇಜುಗಳಿಗೂ ಇವನ್ನು ಪೂರ್ವಜರೆಂದು ಹೇಳಿದರೆ ತಪ್ಪಾಗದು.

ಲಿಂಕನ್ ಪಟ್ಟಣದಲ್ಲಿ ಅಂಥ ವಿದ್ಯಾಮಂದಿರವು ೧೮೩೩ರ ಸುಮಾರಿನಲ್ಲಿ ಆರಂಭವಾಯಿತು. ಅದರ ವಾಚನಾಲಯದ ಪಾಲಕನಾಗಿ ನೇಮಕಗೊಂಡವನು ಜಾನ್ ಬೂಲನೇ. ಸಂಸ್ಥೆಯ ಅಧ್ಯಕ್ಷನಾದ ಸರ್ ಎಡ್ವರ್ಡ್ ಬ್ರಾಮ್‌ಹೆಡ್ ಎಂಬ ಜಮೀನುದಾರನು ರಾಯಲ್ ಸೊಸೈಟಿಯ ಸದಸ್ಯನಾಗಿದ್ದುದರಿಂದ, ಆ ವಿದ್ವತ್ಸಭೆಯ ಪ್ರಕಟಣೆಗಳನ್ನು ವಾಚನಾಲಯಕ್ಕೆ ಕೊಡಿಸುತ್ತಿದ್ದನು. ಹೀಗೆ ದೇಶದ ಮಹಾಪಂಡಿತರು ಬರೆದ ಪ್ರಬಂಧಗಳು ಜೋಡು ಹೊಲಿಯುವವನ ಮಗನ ಕೈಗೆ ಬಂದವು. ಬ್ರಾಮ್‌ಹೆಡ್ಡನು ತನ್ನ ಸ್ವಂತ ಗ್ರಂಥಗಳನ್ನೂ ಎರವಲಾಗಿ ಕೊಟ್ಟನು. ಊರಿನ ಸೇಂಟ್ ಸ್ವಿದಿನ್ ದೇವಾಲಯದ ಬೋಧಕರಾದ ಡಿಕ್ಸನ್ ಅಯ್ಯನವರು ಲಕ್ರ್ವಾ ಎಂಬ ಫ್ರೆಂಚ್ ಪಂಡಿತನ ಕಲನಶಾಸ್ತ್ರದ ಗ್ರಂಥವನ್ನು ದಾನಮಾಡಿದರು. ಒಬ್ಬ ಜಮೀನುದಾರ, ಒಬ್ಬ ಬೋಧಕ, ಒಬ್ಬ ಪುಸ್ತಕ ವ್ಯಾಪಾರಿ, ಊರಿನವರ ಒಂದು ಕೊಠಡಿ, ಇವೇ ಬೂಲನ ವಿಶ್ವವಿದ್ಯಾನಿಲಯವಾದವು.

ಆದರೆ ಆ ಹಾದಿಯು ಸುಲಭವಾಗಿತ್ತೆಂದು ಯಾರೂ ಭಾವಿಸಬಾರದು. ಪುಸ್ತಕವಿದ್ದಿತು, ಗುರುವಿರಲಿಲ್ಲ. ಒಂದು ಸಂದೇಹ ಬಂದರೆ ಕೇಳುವುದಕ್ಕೆ ಯಾರೂ ಇಲ್ಲದೆ, ಅದೇ ಪುಟವನ್ನು ಮರಳಿ ಮರಳಿ ಓದಿ, ಕೈಯಾರೆ ಲೆಕ್ಕಗಳನ್ನು ಮಾಡಿ, ತಾನೇ ಬಿಡಿಸಿಕೊಳ್ಳಬೇಕಾಗಿದ್ದಿತು. ಒಳ್ಳೆಯ ಗುರುವೊಬ್ಬನು ಇದ್ದಿದ್ದರೆ ಸುಮಾರು ಐದು ವರ್ಷಗಳಷ್ಟು ಕಾಲವು ಉಳಿಯುತ್ತಿತ್ತೆಂದು ಆತನಿಗೆ ಮುಂದೆ ತೋರಿತು. ತಾನಾಗಿ ಕಲಿತವನೆಂದು ಲೋಕವು ಆತನನ್ನು ಹೊಗಳಿದರೂ, ಗುರುವಿಲ್ಲದೆ ಹೋದ ನಷ್ಟವನ್ನು ಆತನು ಮರೆಯಲಿಲ್ಲ. ಆದುದರಿಂದಲೇ ಇತರರಿಗೆ ತಾನು ಗುರುವಾಗುವುದರಲ್ಲಿ ಅಷ್ಟು ಶ್ರದ್ಧೆಯನ್ನು ತೋರಿದನು.

೧೮೩೪ರಲ್ಲಿ ಬೂಲನು ಲಿಂಕನ್ನಿಗೆ ಹಿಂದಿರುಗಿ ತನ್ನದೇ ಒಂದು ಶಾಲೆಯನ್ನು ತೆರೆದನು. ಮರು ವರ್ಷ, ಹತ್ತೊಂಬತ್ತು ವಯಸ್ಸಿನವನಾಗಿರುವಾಗಲೇ, ವಿದ್ಯಾಮಂದಿರದಲ್ಲಿ ನ್ಯೂಟನ್ ಮಹಾಶಯನ ಪ್ರತಿಮೆಯನ್ನು ಸ್ಥಾಪಿಸಿದ ಸಂದರ್ಭದಲ್ಲಿ ನ್ಯೂಟನ್ನನ ಜೀವನವನ್ನೂ ಶೋಧನೆಗಳನ್ನೂ ಕುರಿತು ಉಪನ್ಯಾಸ ಮಾಡಿದನು. ನ್ಯೂಟನ್ನನು ಅದೇ ಲಿಂಕನ್ ಸೀಮೆಯಲ್ಲಿ ಹುಟ್ಟಿದವನಾದುದರಿಂದ ಕೇಳುವವರಿಗೂ ಅದು ಹೆಮ್ಮೆಯ ವಿಷಯವಾಗಿದ್ದಿತು. ಬೂಲನು ಅಲ್ಲಿಯ ಕಾರ್ಯಗಳಲ್ಲಿ ಅನೇಕ ವರ್ಷ ಭಾಗಿಯಾಗಿದ್ದನು. ತನಗೆ ಪುಸ್ತಕ ಕೊಟ್ಟ ಕೊಠಡಿಗೆ ತನ್ನ ವಿದ್ಯೆಯನ್ನು ಹಿಂದಕ್ಕೆ ಸಲ್ಲಿಸಿದನು.

ಆ ಕಾಲದಲ್ಲಿ ಅಂಗಡಿಗಳಲ್ಲಿ ದುಡಿಯುವ ಯುವಕ ಯುವತಿಯರು ರಾತ್ರಿ ಬಹಳ ಹೊತ್ತಿನ ತನಕ ನಿಂತೇ ಇರಬೇಕಾಗಿದ್ದಿತು. ವಾಚನಾಲಯದ ಬಾಗಿಲು ತೆರೆದಿದ್ದರೂ ಅಲ್ಲಿಗೆ ಹೋಗಲು ಅವರಿಗೆ ಹೊತ್ತೆಲ್ಲಿ? ಅಂಗಡಿಗಳನ್ನು ಬೇಗ ಮುಚ್ಚಿ ಅವರಿಗೆ ಬಿಡುವು ಕೊಡಬೇಕೆಂದು ಯತ್ನಿಸಿದ ಲಿಂಕನ್ನಿನ ಸಂಘಕ್ಕೆ ಬೂಲನು ಬೆಂಬಲವಾಗಿ ನಿಂತು, ೧೮೪೭ರಲ್ಲಿ ಬಿಡುವಿನ ವೇಳೆಯ ಸದುಪಯೋಗವನ್ನು ಕುರಿತು ಅವರ ಮುಂದೆ ಉಪನ್ಯಾಸ ಮಾಡಿದನು. ಕಲಿಯುವುದಕ್ಕೆ ಪುಸ್ತಕವೂ ಗುರುವೂ ಸಾಲದು, ಸಮಯವೂ ಬೇಕು. ಅದನ್ನು ದುಡಿಯುವವರಿಗೆ ದೊರಕಿಸಿಕೊಡುವುದು ಸಮಾಜದ ಕರ್ತವ್ಯ. ಇದನ್ನು ಆತನು ಸ್ವಾನುಭವದಿಂದ ಬಲ್ಲವನಾಗಿದ್ದನು. ಗತಿಯಿಲ್ಲದ ಸ್ತ್ರೀಯರಿಗಾಗಿ ಊರಿನಲ್ಲಿ ಏರ್ಪಟ್ಟಿದ್ದ ಒಂದು ಆಶ್ರಯಗೃಹದ ಧರ್ಮದರ್ಶಿಗಳಲ್ಲಿಯೂ ಆತನು ಒಬ್ಬನಾಗಿದ್ದನು.

ಹಗಲೆಲ್ಲಾ ಶಾಲೆಯ ಕೆಲಸ, ರಾತ್ರಿ ಗಣಿತ, ಹೀಗೆ ವರ್ಷಗಳು ಉರುಳಿದವು. ೧೮೪೦ರ ಸುಮಾರಿನಲ್ಲಿ ಆತನ ಪ್ರಬಂಧಗಳು ಕೇಂಬ್ರಿಜ್ಜಿನ ಗಣಿತಪತ್ರಿಕೆಯಲ್ಲಿ ಪ್ರಕಟವಾಗತೊಡಗಿದವು. ಅದರ ಸಂಪಾದಕನಾದ ಡಂಕನ್ ಗ್ರೆಗರಿಯು ಈ ಅಪರಿಚಿತ ಉಪಾಧ್ಯಾಯನ ಯೋಗ್ಯತೆಯನ್ನು ಗುರುತಿಸಿ ಪ್ರೋತ್ಸಾಹ ಕೊಟ್ಟನು. ಕೇಂಬ್ರಿಜ್ಜಿಗೆ ಹೋಗಿ ಕ್ರಮವಾಗಿ ಓದಬೇಕೆಂಬ ಅಭಿಲಾಷೆಯು ಬೂಲನಿಗೂ ಇದ್ದಿತು. ಆದರೆ ಆತನು ಶಾಲೆಯನ್ನು ಬಿಟ್ಟರೆ ತಂದೆತಾಯಿಗಳಿಗೆ ಅನ್ನವಿಲ್ಲ. ಆದುದರಿಂದ ಆ ಆಸೆಯನ್ನು ಬಿಟ್ಟುಕೊಟ್ಟನು. ೧೮೪೪ರಲ್ಲಿ ಆತನು ಬರೆದ ಒಂದು ದೀರ್ಘ ಪ್ರಬಂಧಕ್ಕೆ ರಾಯಲ್ ಸೊಸೈಟಿಯು ಚಿನ್ನದ ಪದಕವನ್ನಿತ್ತಿತು. ಯಾರ ಪ್ರಕಟಣೆಗಳನ್ನು ವಾಚನಾಲಯದಲ್ಲಿ ಕುಳಿತು ಓದಿದನೋ, ಆ ವಿದ್ವತ್ಸಭೆಯೇ ಹತ್ತು ವರ್ಷಗಳ ತರುವಾಯ ಆತನನ್ನು ಸನ್ಮಾನಿಸಿತು.

ಐರ್ಲೆಂಡ್ ದೇಶದಲ್ಲಿ ಮತಭೇದವಿಲ್ಲದೆ ಎಲ್ಲರಿಗೂ ಉಚ್ಚಶಿಕ್ಷಣವನ್ನು ಕೊಡತಕ್ಕುದೆಂದು ಸರಕಾರದವರು ಆಗ ಕಾರ್ಕ್, ಬೆಲ್‌ಫಾಸ್ಟ್, ಗಾಲ್ವೇ ಪಟ್ಟಣಗಳಲ್ಲಿ ಮೂರು ಹೊಸ ಕಾಲೇಜುಗಳನ್ನು ಸ್ಥಾಪಿಸುತ್ತಿದ್ದರು. ಬೂಲನು ೧೮೪೬ರಲ್ಲಿ ಅರ್ಜಿ ಹಾಕಿದನು. ಪದವಿಯಿಲ್ಲದವನೆಂಬ ಕೊರತೆಯಿದ್ದರೂ ದೇಶದ ಹೆಸರಾಂತ ಗಣಿತಜ್ಞರು ಆತನ ಪರವಾಗಿ ಸಾಕ್ಷಿಪತ್ರಗಳನ್ನು ಬರೆದರು. ಮೂರು ವರ್ಷ ಕಾದಮೇಲೆ, ೧೮೪೯ರಲ್ಲಿ, ಕಾರ್ಕ್ ಪಟ್ಟಣದ ಕ್ವೀನ್ಸ್ ಕಾಲೇಜಿನ ಮೊದಲನೆಯ ಗಣಿತ ಪ್ರಾಧ್ಯಾಪಕನಾಗಿ ನೇಮಕವಾಯಿತು. ಇದನ್ನು ನೋಡುವ ಭಾಗ್ಯವು ತಂದೆಗೆ ಇರಲಿಲ್ಲ. ಜಾನ್ ಬೂಲನು ಅದರ ಹಿಂದಿನ ವರ್ಷದ ಕೊನೆಯಲ್ಲಿಯೇ ತೀರಿಕೊಂಡಿದ್ದನು.

ಕಾರ್ಕಿನಲ್ಲಿದ್ದಾಗಲೇ, ೧೮೫೪ರಲ್ಲಿ, ಬೂಲನು ಆಲೋಚನೆಯ ನಿಯಮಗಳನ್ನು ಕುರಿತಾದ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ಅದರ ತಿರುಳನ್ನು ನಮ್ಮ ವಿದ್ಯಾರ್ಥಿನಿಯರು ಸುಲಭವಾಗಿ ಗ್ರಹಿಸಬಲ್ಲರು. ಬಿಳಿಯ ವಸ್ತುಗಳೆಲ್ಲವನ್ನೂ ಕ ಎಂಬ ಅಕ್ಷರದಿಂದಲೂ, ಹೂಗಳೆಲ್ಲವನ್ನೂ ಗ ಎಂಬ ಅಕ್ಷರದಿಂದಲೂ ಸೂಚಿಸೋಣ. ಆಗ ಕಗ ಎಂಬ ಗುಣಲಬ್ಧವು ಬಿಳಿಯ ಹೂಗಳನ್ನು ಸೂಚಿಸುವುದು. ಬಿಳಿಯವುಗಳಲ್ಲಿ ಹೂಗಳನ್ನು ಆರಿಸಿದರೂ, ಹೂಗಳಲ್ಲಿ ಬಿಳಿಯವನ್ನು ಆರಿಸಿದರೂ ಫಲವು ಒಂದೇ; ಆದುದರಿಂದ ಕಗ = ಗಕ. ಇನ್ನು ಬಿಳಿಯವುಗಳಲ್ಲಿ ಬಿಳಿಯವನ್ನು ಆರಿಸಿದರೆ ದೊರೆಯುವುದೇನು? ಅವೇ ಬಿಳಿಯ ವಸ್ತುಗಳು. ಎಂದರೆ ಕಕ = ಕ. ಸಾಧಾರಣ ಲೆಕ್ಕದಲ್ಲಿ ಐದನ್ನು ಐದರಿಂದ ಗುಣಿಸಿದರೆ ಇಪ್ಪತ್ತೈದಾಗುವುದೇ ಹೊರತು ಐದಾಗದು. ತನ್ನಿಂದ ತಾನೇ ಗುಣಿಸಲ್ಪಟ್ಟರೂ ಬದಲಾಗದ ಸಂಖ್ಯೆಗಳು ಎರಡೇ: ಸೊನ್ನೆ ಮತ್ತು ಒಂದು. ಬೂಲನ ಬೀಜಗಣಿತದಲ್ಲಿ ಒಂದು ಎಂಬುದು ಸಮಸ್ತವನ್ನೂ, ಸೊನ್ನೆ ಎಂಬುದು ಏನೂ ಇಲ್ಲದಿರುವುದನ್ನೂ ಸೂಚಿಸುವುವು. ಸಮಸ್ತದಿಂದ ಬಿಳಿಯದನ್ನು ಕಳೆದರೆ ಬಿಳಿಯಲ್ಲದುದು, ಎಂದರೆ ೧ − ಕ, ಉಳಿಯುವುದು. ಬಿಳಿಯದೂ ಬಿಳಿಯಲ್ಲದುದೂ ಆಗಿರುವ ವಸ್ತುವು ಯಾವುದೂ ಇಲ್ಲವಾದುದರಿಂದ ಕ (೧ − ಕ) = ೦. ಎರಡು ಸಾವಿರ ವರ್ಷಗಳಿಂದ ತತ್ತ್ವಜ್ಞಾನಿಗಳು ಮಾತಿನಲ್ಲಿ ಹೇಳುತ್ತಿದ್ದ ತರ್ಕನಿಯಮವು ಹೀಗೆ ಒಂದು ಸಾಲಿನ ಸಮೀಕರಣವಾಯಿತು.

೧೮೫೭ರಲ್ಲಿ ಬೂಲನು ರಾಯಲ್ ಸೊಸೈಟಿಯ ಸದಸ್ಯನಾಗಿ ಆರಿಸಲ್ಪಟ್ಟನು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಗೌರವ ಪದವಿಯನ್ನಿತ್ತಿತು. ಕಾಲೇಜಿನ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಆತನು ೧೮೫೯ರಲ್ಲಿಯೂ ೧೮೬೦ರಲ್ಲಿಯೂ ಬರೆದ ಎರಡು ಪಾಠಗ್ರಂಥಗಳು ದೀರ್ಘಕಾಲ ಬಳಕೆಯಲ್ಲಿದ್ದವು.

ಬೂಲನ ಸಹಧರ್ಮಿಣಿಯ ವಿಷಯವನ್ನು ಹೇಳದೆ ಈ ಚರಿತ್ರೆಯು ಪೂರ್ತಿಯಾಗದು. ಮೇರಿ ಎವರೆಸ್ಟ್ ಎಂಬ ಆಕೆಯು ಒಬ್ಬ ಬೋಧಕರ ಮಗಳು. ೧೮೩೦ರಿಂದ ೧೮೪೩ರ ವರೆಗೆ ಭಾರತದ ಭೂಮಾಪನ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದು, ಯಾವನ ಹೆಸರನ್ನು ಹಿಮಾಲಯದ ಅತ್ಯುನ್ನತ ಶಿಖರಕ್ಕೆ ಇಟ್ಟರೋ, ಆ ಜಾರ್ಜ್ ಎವರೆಸ್ಟನು ಆಕೆಗೆ ದೊಡ್ಡಪ್ಪನಾಗಬೇಕು. ಗಣಿತದಲ್ಲಿ ಮೇರಿಯಮ್ಮನವರಿಗೆ ಬಾಲ್ಯದಿಂದಲೂ ಪ್ರೀತಿ. ಆದರೆ ಹೆಣ್ಣುಮಕ್ಕಳಿಗೆ ಆಗ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಕಾರ್ಕ್ ಕಾಲೇಜಿನಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿದ್ದ ತಮ್ಮ ಸೋದರಮಾವನ ಮನೆಗೆ ೧೮೫೦ರಲ್ಲಿ ಬಂದಾಗ ಬೂಲನ ಪರಿಚಯವಾಯಿತು. ಆತನು ಪತ್ರಗಳ ಮೂಲಕವೂ ಆಕೆಗೆ ಗಣಿತವನ್ನು ಕಲಿಸಿದನು. ೧೮೫೫ರಲ್ಲಿ ಅವರ ವಿವಾಹವು ನಡೆಯಿತು. ಒಂಬತ್ತು ವರ್ಷಗಳಲ್ಲಿ ಐವರು ಹೆಣ್ಣುಮಕ್ಕಳು ಹುಟ್ಟಿದರು.

೧೮೬೪ರ ನವೆಂಬರ್ ತಿಂಗಳ ಕೊನೆಯಲ್ಲಿ ಒಂದು ದಿನ ಜೋರಾಗಿ ಮಳೆ ಸುರಿಯುತ್ತಿದ್ದಿತು. ಬೂಲನ ಮನೆಯಿಂದ ಕಾಲೇಜಿಗೆ ಸುಮಾರು ಮೂರು ಮೈಲು. ವಿದ್ಯಾರ್ಥಿಗಳು ಕಾದಿರುವರೆಂದು ಆತನು ಮಳೆಯಲ್ಲಿಯೇ ನಡೆದುಹೋಗಿ, ಒದ್ದೆ ಬಟ್ಟೆಯಲ್ಲಿಯೇ ನಿಂತು ಪಾಠ ಹೇಳಿದನು. ಅದರಿಂದ ಜ್ವರವು ಬಂದು, ಶ್ವಾಸಕೋಶಕ್ಕೆ ಇಳಿದು, ಡಿಸೆಂಬರ್ ೮ನೆಯ ತಾರೀಖಿನಲ್ಲಿ ಆತನು ದೈವಾಧೀನನಾದನು. ಆಗ ಆತನಿಗೆ ನಲವತ್ತೊಂಬತ್ತು ವರ್ಷ.

ಮೇರಿಯಮ್ಮನವರಿಗೆ ಆಗ ಮೂವತ್ತೆರಡು ವಯಸ್ಸು. ಹಿರಿಯ ಮಗಳಿಗೆ ಎಂಟು ವರ್ಷ. ಕಿರಿಯ ಕೂಸಿಗೆ ಏಳು ತಿಂಗಳೂ ತುಂಬಿರಲಿಲ್ಲ. ಆಸ್ತಿಯಿರಲಿಲ್ಲ. ಆಕೆಯು ಲಂಡನ್ನಿಗೆ ಬಂದು, ಹೆಣ್ಣುಮಕ್ಕಳ ಉಚ್ಚಶಿಕ್ಷಣಕ್ಕಾಗಿ ೧೮೪೮ರಲ್ಲಿ ಸ್ಥಾಪಿತವಾಗಿದ್ದ ಕ್ವೀನ್ಸ್ ಕಾಲೇಜಿನಲ್ಲಿ ಪುಸ್ತಕಭಂಡಾರದ ಪಾಲಕಿಯ ಕೆಲಸವನ್ನು ಹಿಡಿದರು. ಮಾವನು ಕಸಬುದಾರರ ವಾಚನಾಲಯವನ್ನು ಕಾದಂತೆ ಸೊಸೆಯು ಹೆಣ್ಣುಮಕ್ಕಳ ಪುಸ್ತಕಭಂಡಾರವನ್ನು ಕಾದರು. ಬಿಡುವಿನ ವೇಳೆಯಲ್ಲಿ ವಿದ್ಯಾರ್ಥಿನಿಯರನ್ನು ಕೂಡಿಸಿಕೊಂಡು ಗಣಿತವನ್ನೂ ಇತರ ವಿಷಯಗಳನ್ನೂ ಕುರಿತು ಸಂಭಾಷಿಸುತ್ತಿದ್ದರು. ರಟ್ಟಿನ ಮೇಲೆ ಸಮಾನ ದೂರದಲ್ಲಿ ರಂಧ್ರಗಳನ್ನು ಮಾಡಿ, ಸೂಜಿಯಿಂದ ಬಣ್ಣದ ದಾರವನ್ನು ನೇರವಾಗಿ ಎಳೆಯುತ್ತಾ ಹೋದರೆ, ಆ ನೇರ ಎಳೆಗಳ ನಡುವೆಯೇ ಒಂದು ಸುಂದರವಾದ ವಕ್ರರೇಖೆಯು ಮೂಡುವುದು. ಮಕ್ಕಳಿಗೆ ರೇಖಾಗಣಿತವನ್ನು ಹೀಗೆ ಹೊಲಿಗೆಯ ಮೂಲಕ ಪರಿಚಯ ಮಾಡಿಸುವ ಕ್ರಮವನ್ನು ಬಳಕೆಗೆ ತಂದವರು ಈ ಮೇರಿಯಮ್ಮನವರೇ. ಮಕ್ಕಳಿಗೆ ಬೀಜಗಣಿತವನ್ನು ವಿನೋದವಾಗಿ ತಿಳಿಸುವ ಪುಸ್ತಕವನ್ನೂ ೧೯೦೯ರಲ್ಲಿ ಪ್ರಕಟಿಸಿದರು.

ಹೆಣ್ಣುಮಕ್ಕಳಲ್ಲಿ ಮೂರನೆಯವಳಾದ ಅಲಿಷಿಯಾಳು ತಂದೆಯು ತೀರಿಕೊಂಡಾಗ ನಾಲ್ಕು ವರ್ಷದವಳು. ಆಕೆಯೂ ತಂದೆಯಂತೆ ಕಾಲೇಜಿನ ಮೆಟ್ಟಿಲನ್ನು ಹತ್ತಲಿಲ್ಲ. ಮರದ ಸಣ್ಣ ಘನಗಳನ್ನಿಟ್ಟುಕೊಂಡು ಯೋಚಿಸುತ್ತಾ, ನಾಲ್ಕು ಆಯಾಮಗಳುಳ್ಳ ಆಕೃತಿಗಳನ್ನು ಮನಸ್ಸಿನಲ್ಲಿಯೇ ಕಾಣುವ ಶಕ್ತಿಯನ್ನು ಪಡೆದಳು. ವಿವಾಹವಾಗಿ ಇಬ್ಬರು ಮಕ್ಕಳ ತಾಯಿಯಾದ ಮೇಲೂ ಮನೆಯಲ್ಲಿ ರಟ್ಟನ್ನು ಕತ್ತರಿಸಿ ಆ ಆಕೃತಿಗಳ ಛೇದಗಳ ಮಾದರಿಗಳನ್ನು ಮಾಡಿದಳು. ಹಾಲೆಂಡ್ ದೇಶದ ಪ್ರಾಧ್ಯಾಪಕನೊಬ್ಬನು ಅದೇ ವಿಷಯವನ್ನು ಸಮೀಕರಣಗಳಿಂದ ಸಾಧಿಸಿದ್ದುದು ಆಕೆಯ ಮಾದರಿಗಳೊಂದಿಗೆ ಸರಿಹೊಂದಿತು. ಇಬ್ಬರೂ ಕೂಡಿ ಬಹುಕಾಲ ಶೋಧನೆ ನಡೆಸಿದರು. ೧೯೧೪ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾನಿಲಯವು ಅಲಿಷಿಯಾಳಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಆಕೆಯ ತಂಗಿಯಾದ ಲೂಸಿಯು ರಸಾಯನಶಾಸ್ತ್ರವನ್ನು ಕಲಿತು, ಲಂಡನ್ನಿನ ಸ್ತ್ರೀಯರ ವೈದ್ಯಕೀಯ ಶಾಲೆಯಲ್ಲಿ ಉಪನ್ಯಾಸಕಿಯಾದಳು. ಎಲ್ಲರಿಗಿಂತ ಕಿರಿಯಳಾದ ಎಥೆಲಳು ಕಾದಂಬರಿಕಾರ್ತಿಯಾಗಿ ಪ್ರಸಿದ್ಧಳಾದಳು.

ಬೂಲನ ತರ್ಕದ ಬೀಜಗಣಿತವು ಬಹುಕಾಲ ಪಂಡಿತರ ವಿಚಾರದ ವಿಷಯವಾಗಿಯೇ ಇದ್ದಿತು. ೧೯೩೭ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಎಂಬ ತರುಣ ವಿದ್ಯಾರ್ಥಿಯು, ವಿದ್ಯುತ್ತಿನ ಗುಂಡಿಗಳ ಜೋಡಣೆಗೆ ಈ ಬೀಜಗಣಿತವು ಹೊಂದುವುದೆಂದು ತೋರಿಸಿದನು. ವಿದ್ಯುತ್ತು ಹರಿದರೆ ಒಂದು, ಹರಿಯದಿದ್ದರೆ ಸೊನ್ನೆ. ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಎರಡು ಗುಂಡಿಗಳಿದ್ದರೆ, ಎರಡನ್ನೂ ಒತ್ತಿದಾಗ ಮಾತ್ರ ದೀಪವು ಹತ್ತುವುದು. ಅದೇ ಬೂಲನ ಗುಣಾಕಾರ. ಇಂದಿನ ಗಣಕಯಂತ್ರಗಳೂ ಕೈಯಲ್ಲಿ ಹಿಡಿಯುವ ದೂರವಾಣಿಗಳೂ ಈ ತತ್ತ್ವದ ಮೇಲೆಯೇ ನಡೆಯುವುವು. ಲಿಂಕನ್ ಪಟ್ಟಣದ ಮಹಾದೇವಾಲಯದಲ್ಲಿ ಬೂಲನ ಸ್ಮಾರಕವಾಗಿ ಬಣ್ಣದ ಗಾಜಿನ ಕಿಟಕಿಯೊಂದಿರುವುದು.

ಪ್ರಿಯ ವಿದ್ಯಾರ್ಥಿನಿಯರೇ, ಈ ಶಾಲೆಯನ್ನು ಬಿಟ್ಟು ಹೊರಡುವ ನಿಮ್ಮಲ್ಲಿ ಕೆಲವರು ದೊಡ್ಡ ಕಾಲೇಜುಗಳಿಗೆ ಹೋಗುವಿರಿ. ಕೆಲವರು ಹಣದ ಅಡಚಣೆಯಿಂದಲೋ, ಮನೆಯ ಹೊಣೆಯಿಂದಲೋ ಕೆಲಸಕ್ಕೆ ಸೇರಬೇಕಾಗುವುದು. ಹಾಗಾದವರು ತಮಗೆ ವಿದ್ಯೆಯ ಬಾಗಿಲು ಮುಚ್ಚಿತೆಂದು ಎದೆಗುಂದಬಾರದು. ಊರಿನ ಪುಸ್ತಕಭಂಡಾರವೂ, ಸಂಜೆಯ ತರಗತಿಯೂ, ಸಮೀಪದ ಚಿಕ್ಕ ಕಾಲೇಜೂ ವಿದ್ಯೆಯ ನಿಜವಾದ ಬಾಗಿಲುಗಳೇ; ಬೂಲನು ಒಳಹೊಕ್ಕುದು ಅಂಥ ಬಾಗಿಲಿನಿಂದಲೇ. ಆದರೆ ಗುರುವಿಲ್ಲದೆ ಆತನು ಕಳೆದುಕೊಂಡ ಐದು ವರ್ಷಗಳನ್ನೂ ನೆನಪಿನಲ್ಲಿಡಿರಿ. ಇಂದು ನಿಮ್ಮ ಮುಂದೆ ಕರಿಹಲಗೆಯ ಬಳಿ ನಿಂತಿರುವ ಉಪಾಧ್ಯಾಯಿನಿಯು ಆ ಐದು ವರ್ಷಗಳನ್ನು ನಿಮಗೆ ಉಳಿಸಿಕೊಡುತ್ತಿರುವರು. ತಿಳಿಯದುದನ್ನು ಆಕೆಯನ್ನು ಕೇಳಲು ನಾಚಬೇಡಿರಿ. ಮುಂದೆ ನಿಮ್ಮ ನೆರೆಯಲ್ಲಿ ಲೆಕ್ಕವು ತಿಳಿಯದೆ ಕುಳಿತಿರುವ ಒಬ್ಬ ಹುಡುಗಿಯಾದರೂ ಇದ್ದರೆ, ದಿನಕ್ಕೆ ಅರ್ಧ ಘಂಟೆ ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಉಚಿತವಾಗಿ ಹೊಂದಿದುದನ್ನು ಉಚಿತವಾಗಿ ಕೊಡುವುದು ನಮ್ಮ ಕರ್ತನು ನಮಗೆ ವಿಧಿಸಿರುವ ಧರ್ಮವಷ್ಟೆ. ಆ ಧರ್ಮವನ್ನು ನಡೆಸುವ ಬುದ್ಧಿಯನ್ನೂ ಬಲವನ್ನೂ ದೇವರು ನಿಮ್ಮೆಲ್ಲರಿಗೂ ಅನುಗ್ರಹಿಸಲಿ.